ಗೃಹದಾಸೋಹ: ಒಂದು ವರ್ಷದ ಕಾಯಕ

ಸೂರಿಲ್ಲದವರಿಗೆ ಸೂರು ಕಟ್ಟಿಕೊಡುವುದು ಪುಣ್ಯಕಾರ್ಯವೆಂಬುದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಹಣವುಳ್ಳವರು ಹಣವನ್ನು ಕೊಡುತ್ತಾರೆ, ಸರಕಾರವು ಕಂತುಗಳಲ್ಲಿ ಸಹಾಯಧನವನ್ನು ಕೊಡುತ್ತದೆ, ಊರವರು ಒಂದೆರಡು ದಿನ ಕೈಗೂಡಿಸುತ್ತಾರೆ. ಆದರೆ ತನ್ನ ಆಯುಷ್ಯದ ಒಂದು ಇಡೀ ವರ್ಷವನ್ನು ತೆಗೆದು, ಪರರ ಮನೆಯ ಬುನಾದಿಯಿಂದ ಮಾಳಿಗೆಯವರೆಗೆ ಕಲ್ಲು ಮಣ್ಣು ಹೊತ್ತು ದುಡಿಯುವುದು ಇವೆಲ್ಲಕ್ಕಿಂತ ಬೇರೆಯಾದ ವ್ರತವಾಗಿದೆ. ಈ ವ್ರತವು ದಾನದ ಜಾತಿಗೆ ಸೇರಿದ್ದೋ, ದಾಸೋಹದ ಜಾತಿಗೆ ಸೇರಿದ್ದೋ? ಇದು ಕೇವಲ ಶಬ್ದದ ಚರ್ಚೆಯಲ್ಲ. ಉತ್ತರವು ಬದಲಾದರೆ ಮನೆ ಕಟ್ಟುವ ರೀತಿಯೇ ಬದಲಾಗುತ್ತದೆ.

ವಿಷಯವನ್ನು ನೆಲದ ಮೇಲೆ ನಿಲ್ಲಿಸಿ ನೋಡುವುದು ಲೇಸು. ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ, ಆನೆಗೊಂದಿಗೆ ಹತ್ತಿರದಲ್ಲಿ, ಹೆಬ್ಬಂಡೆಗಳ ಗುಡ್ಡಗಳ ನಡುವೆ ಸಾಣಾಪುರವಿದೆ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಎಡದಂಡೆ ಕಾಲುವೆಯ ನೀರು ನಿಲ್ಲುವ ಕೆರೆ. ಭತ್ತದ ಗದ್ದೆ, ಬಾಳೆಯ ತೋಟ, ಅವುಗಳ ಬೆನ್ನಿಗೆ ಆನೆಯಂತೆ ಮಲಗಿದ ಬಂಡೆಗಳು. ಈ ಸೀಮೆಯನ್ನು ಭತ್ತದ ಕಣಜವೆಂದು ಕರೆಯುವುದು ರೂಢಿ. ಆದರೂ ಕಣಜ ತುಂಬಿಸುವ ಕೈಗಳೆಲ್ಲ ಗಟ್ಟಿಯಾದ ಸೂರಿನ ಕೆಳಗೆ ಮಲಗುತ್ತವೆಂದು ಹೇಳಲಾಗದು. ನಾಟಿಗೂ ಕೊಯ್ಲಿಗೂ ಕೂಲಿಗೆ ಹೋಗುವ ಸಂಸಾರಗಳಲ್ಲಿ ತಗಡಿನ ಗುಡಿಸಲಲ್ಲಿ ಬೇಸಿಗೆ ಕಳೆಯುವವರು ಉಂಟು. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಂಡೆಯು ಹಗಲು ಹೀರಿದ ಬಿಸಿಯನ್ನು ರಾತ್ರಿ ಹೊರಗೆ ಬಿಡುತ್ತದೆ. ಅಂಥ ನೆಲದಲ್ಲಿ ತಗಡಿನ ಕೆಳಗಿನ ಮಧ್ಯಾಹ್ನ ಎಂಥದೆಂಬುದನ್ನು ಮಾಳಿಗೆಯ ಮನೆಯಲ್ಲಿರುವವರು ಊಹಿಸಲಾರರು.

ಇಂಥ ಸಂಸಾರಗಳಿಗೆ ಸರಕಾರವು ಏನೂ ಮಾಡಿಲ್ಲವೆಂಬುದು ಸರಿಯಲ್ಲ. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂದಿತು. ಕರ್ನಾಟಕದಲ್ಲಿ ಆಶ್ರಯ ಯೋಜನೆಯೂ, ಬಳಿಕ ಬಸವಣ್ಣನವರ ಹೆಸರನ್ನೇ ಹೊತ್ತ ಬಸವ ವಸತಿ ಯೋಜನೆಯೂ ಬಂದವು. ಇವುಗಳನ್ನು ನಡೆಸಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. 2016ರಲ್ಲಿ ರೂಪುಗೊಂಡ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರಿನ ಮನೆ, ಬಯಲುಸೀಮೆಯಲ್ಲಿ 1,20,000 ರೂಪಾಯಿ ಸಹಾಯಧನ, ಅದರ ಜೊತೆಗೆ ಉದ್ಯೋಗ ಖಾತರಿಯಿಂದ 90 ದಿನಗಳ ಕೂಲಿ ಎಂದು ನಿಗದಿಯಾಗಿತ್ತು. ಗುತ್ತಿಗೆದಾರನಿಗೆ ಒಪ್ಪಿಸದೆ ಫಲಾನುಭವಿಯೇ ತನ್ನ ಮನೆಯನ್ನು ಕಟ್ಟಿಕೊಳ್ಳಬೇಕೆಂಬುದು ಇಂಥ ಯೋಜನೆಗಳ ನಿಯಮ. ನಿಯಮವು ಒಳ್ಳೆಯದೇ. ಕಟ್ಟುವವನೇ ವಾಸಿಸುವವನಾದರೆ ಮರಳಿನ ಬದಲು ಬೂದಿ ಬೆರೆಸುವ ವಂಚನೆಗೆ ಎಡೆಯಿರುವುದಿಲ್ಲ.

ಆದರೆ ಒಳ್ಳೆಯ ನಿಯಮಕ್ಕೂ ಒಂದು ಕುರುಡು ಮಗ್ಗುಲಿರುವುದುಂಟು. ಬುನಾದಿ ಎದ್ದರೆ ಒಂದು ಕಂತು, ಗೋಡೆ ಎದ್ದರೆ ಇನ್ನೊಂದು, ಸೂರು ಬಿದ್ದರೆ ಮತ್ತೊಂದು ಎಂಬ ಕ್ರಮದಲ್ಲಿ ಹಣವು ಕೆಲಸದ ಹಿಂದೆ ಬರುತ್ತದೆ, ಮುಂದೆ ಬರುವುದಿಲ್ಲ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು, ಶಾಲೆಗೆ ಹೋಗುವ ಎರಡು ಮಕ್ಕಳು, ಕಣ್ಣು ಮಂಜಾದ ಅತ್ತೆ, ಇಷ್ಟೇ ಜನರ ಸಂಸಾರವೊಂದನ್ನು ಭಾವಿಸಿಕೊಳ್ಳಬಹುದು. ಮಂಜೂರಾತಿಯ ಕಾಗದವು ಆ ತಾಯಿಯ ಕೈಗೆ ಬಂದಿದೆ. ಬುನಾದಿ ತೋಡಲು ಆಳಿಲ್ಲ. ಆಳಿಗೆ ಕೊಡಲು ಹಣವಿಲ್ಲ. ಬುನಾದಿ ಏಳದೆ ಹಣ ಬರುವಂತಿಲ್ಲ. ತಾನೇ ಗುದ್ದಲಿ ಹಿಡಿದರೆ ಅಂದಿನ ಕೂಲಿ ತಪ್ಪುತ್ತದೆ, ಅಂದಿನ ಒಲೆ ಉರಿಯುವುದಿಲ್ಲ. ಕಡೆಗೆ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಗೆ ಸಾಲ ತಂದು ಮನೆ ಕಟ್ಟಿದರೆ, ಆ ಮನೆಯೇ ಅವಳ ಹೆಗಲಿಗೆ ನೊಗವಾಗುವುದು. ಕಟ್ಟದೆ ಬಿಟ್ಟರೆ ಮೊಣಕಾಲೆತ್ತರದ ಗೋಡೆಗಳ ನಡುವೆ ಜಾಲಿ ಬೆಳೆಯುವುದು. ನಾಡಿನ ಊರೂರುಗಳಲ್ಲಿ ಇಂಥ ಅರೆಗೋಡೆಗಳು ಕಾಣಸಿಗುತ್ತವೆ. ವರ್ಷದ ಸೇವಾವ್ರತಿಗೆ ಸಲ್ಲತಕ್ಕ ಸ್ಥಳವು ಇದೇ. ಎಲ್ಲಿ ಕಾಗದವಿದ್ದೂ ಕೈಯಿಲ್ಲವೋ ಅಲ್ಲಿ ಕೈಯಾಗುವುದು ಅವನ ಕೆಲಸ.

ವಾರಕ್ಕೊಂದು ದಿನ ಶ್ರಮದಾನ ಮಾಡಿದರೆ ಸಾಲದೆ, ವರ್ಷವೇ ಏಕೆ ಬೇಕು ಎಂದು ಕೇಳುವವರಿದ್ದಾರೆ. ಶ್ರಮದಾನದ ಮಹತ್ವವನ್ನು ಕೊಪ್ಪಳದ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2019ರಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮಿಗಳವರ ನೇತೃತ್ವದಲ್ಲಿ ಹಿರೇಹಳ್ಳದ ಹೂಳನ್ನೂ ಜಾಲಿಯನ್ನೂ ತೆಗೆಯಲು ಜನರು ತಂಡತಂಡವಾಗಿ ಬಂದು ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಹಳ್ಳವನ್ನು ಹಸನುಗೊಳಿಸಿದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ಹಳ್ಳದ ಕೆಲಸದ ಸ್ವಭಾವ ಬೇರೆ, ಮನೆಯ ಕೆಲಸದ ಸ್ವಭಾವ ಬೇರೆ. ಹೂಳು ತೆಗೆಯುವುದಕ್ಕೆ ಒಂದೇ ದಿನ ಸಾವಿರ ಕೈ ಬಂದರೂ ಎಡೆಯುಂಟು. ಹದಿನೈದು ಅಡಿ ಉದ್ದದ ಗೋಡೆಗೆ ನಾಲ್ಕು ಕೈಗಳಿಗಿಂತ ಹೆಚ್ಚು ಬಂದರೆ ಒಬ್ಬರ ಮೈಮೇಲೆ ಒಬ್ಬರು ಬೀಳುವರು. ಆ ನಾಲ್ಕು ಕೈಗಳು ಇಂದು ಬಂದು ನಾಳೆ ಬಾರದಿದ್ದರೆ ಕಲಸಿದ ಗಾರೆ ಗಟ್ಟಿಯಾಗಿ ಹಾಳಾಗುವುದು. ಮನೆಗೆ ಜನಸಂದಣಿ ಬೇಡ, ತಪ್ಪದೆ ಬರುವ ಸ್ವಲ್ಪ ಜನರು ಬೇಕು.

ಕಲಿಕೆಯ ಮಾತೂ ಇದೆ. ವಿದ್ಯಾರ್ಥಿ ತರುಣನು ಮೊದಲ ದಿನವೇ ಗೋಡೆ ಕಟ್ಟಲಾರನು. ತೂಗುಗುಂಡನ್ನು ಇಳಿಬಿಟ್ಟು ಗೋಡೆಯ ನೆಟ್ಟಗೆಯನ್ನು ನೋಡುವುದು, ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ಮೇಲೆ ಬಾರದಂತೆ ಇಡುವುದು, ಗಾರೆಗೆ ಎಷ್ಟು ನೀರು ಸಾಕೆಂಬುದನ್ನು ಕರಣೆಯ ತುದಿಯಲ್ಲೇ ತಿಳಿಯುವುದು, ಇವು ಗೌಂಡಿಯ ಬಳಿ ನಿಂತು ತಿಂಗಳುಗಟ್ಟಲೆ ಕಲಿಯಬೇಕಾದ ವಿದ್ಯೆಗಳು. ನಿಜ ನುಡಿಯುವುದಾದರೆ ಮೊದಲ ಮೂರು ನಾಲ್ಕು ತಿಂಗಳು ಸೇವಾವ್ರತಿಯು ಆ ಮನೆಗೆ ಸಹಾಯಕನಲ್ಲ, ಭಾರ. ಅವನ ಊಟ, ಅವನಿಗೆ ಕಲಿಸುವ ಗೌಂಡಿಯ ಹೊತ್ತು, ಅವನು ಸೊಟ್ಟಗೆ ಕಟ್ಟಿ ಕೆಡವಿಸಿದ ಸಾಲು, ಇವೆಲ್ಲ ಲೆಕ್ಕಕ್ಕೆ ಬಂದರೆ ಅವನು ಸಾಲಗಾರನೇ. ಆ ಸಾಲವು ತೀರುವುದು ಎರಡನೆಯ ಮನೆಯಲ್ಲಿ, ಮೂರನೆಯ ಮನೆಯಲ್ಲಿ. ತಿಂಗಳಿಗೇ ಊರು ಬಿಡುವವನು ಸಾಲ ತೀರಿಸದೆ ಹೋದವನೆಂದೇ ಹೇಳಬೇಕಾಗುತ್ತದೆ.

ಹೊರಗಿನ ಲೋಕದಲ್ಲಿ ಈ ವ್ರತವು ಬೆಳೆದ ಬಗೆಯನ್ನು ಸ್ವಲ್ಪ ನೋಡಬಹುದು. ಸ್ವಿಟ್ಜರ್‌ಲೆಂಡಿನ ಪಿಯೇರ್ ಸೆರೆಸೋಲ್ ಎಂಬವರು ಇಂಜಿನಿಯರರು. ಅವರ ತಂದೆ ಆ ದೇಶದ ಅಧ್ಯಕ್ಷಪದವಿಯಲ್ಲಿ ಕುಳಿತವರು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1920ರಲ್ಲಿ, ಅವರು ಕೆಲವು ಸಂಗಡಿಗರೊಡನೆ ಫ್ರಾನ್ಸಿನ ವೆರ್ಡನ್ ರಣಭೂಮಿಯ ಸಮೀಪದ ಎನ್ ಎಂಬ ಹಳ್ಳಿಗೆ ಹೋಗಿ, ಗುಂಡಿಗೆ ಸಿಕ್ಕಿ ಪುಡಿಯಾದ ಊರನ್ನು ಮತ್ತೆ ಕಟ್ಟಲು ತೊಡಗಿದರು. ಆ ತಂಡದಲ್ಲಿ ನಿನ್ನೆಯವರೆಗೆ ಶತ್ರುಗಳಾಗಿದ್ದ ದೇಶಗಳವರೂ ಇದ್ದರು. ಹದಿನಾಲ್ಕು ವರ್ಷಗಳ ತರುವಾಯ, 1934ರ ಜನವರಿ 15ರಂದು, ಬಿಹಾರದಲ್ಲಿ ಘೋರವಾದ ಭೂಕಂಪವಾಯಿತು. ನೆಲವೇ ಏರುಪೇರಾಗಿ ಹಳ್ಳಿಗಳು ಪ್ರವಾಹದ ಬಾಯಿಗೆ ಬಿದ್ದವು. ಸೆರೆಸೋಲರು ಅದೇ ವರ್ಷ ಭಾರತಕ್ಕೆ ಬಂದರು. ಬಾಬು ರಾಜೇಂದ್ರಪ್ರಸಾದರ ಪರಿಹಾರಕಾರ್ಯದೊಡನೆ ಕೂಡಿಕೊಂಡು, 1937ರವರೆಗೆ ಹೋಗಿ ಬಂದು ಮಾಡುತ್ತ, ಮುಜಫ್ಫರಪುರ ಜಿಲ್ಲೆಯಲ್ಲಿ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸಿ ಹೊಸದಾಗಿ ಕಟ್ಟುವ ಕೆಲಸದಲ್ಲಿ ದುಡಿದರು. ಆಗ ಅವರ ವಯಸ್ಸು ಐವತ್ತೈದನ್ನು ಮುಟ್ಟಿತ್ತು. ಓದಿದವನು ಮಣ್ಣಿನ ಬುಟ್ಟಿ ಹೊರುವುದು ಅಂದಿನ ಸಮಾಜಕ್ಕೆ ಸುಲಭವಾಗಿ ಅರ್ಥವಾಗತಕ್ಕ ಸಂಗತಿಯಾಗಿರಲಿಲ್ಲ. ಇಂದಿಗೂ ಆಗಿದೆಯೆಂದು ಹೇಳುವಂತಿಲ್ಲ.

ಅಮೆರಿಕದಲ್ಲಿ ಇದೇ ಕೆಲಸವು ಬೇರೊಂದು ದಾರಿಯಿಂದ ಬಂದಿತು. ಮಿಲ್ಲರ್ಡ್ ಫುಲ್ಲರ್ ಎಂಬ ವಕೀಲರು ಮೂವತ್ತು ತುಂಬುವ ಮೊದಲೇ ಲಕ್ಷಾಧೀಶರಾದವರು. ಸಂಸಾರವೇ ಒಡೆಯುವ ಹಂತಕ್ಕೆ ಬಂದಾಗ, ಅವರೂ ಅವರ ಪತ್ನಿ ಲಿಂಡಾ ಅವರೂ 1965ರ ಸುಮಾರಿಗೆ ಸಂಪತ್ತನ್ನೆಲ್ಲ ಕೊಟ್ಟುಬಿಟ್ಟರು. ಮುಂದೆ ಆಫ್ರಿಕದ ಜೈರೆಯಲ್ಲಿ ಬಡವರ ಮನೆಗಳನ್ನು ಕಟ್ಟಿ, 1976ರಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು 1983ರಿಂದ ಭಾರತದಲ್ಲಿಯೂ ಕೆಲಸ ಮಾಡುತ್ತ ಬಂದಿದೆ. ಈ ಸಂಸ್ಥೆಯ ಮೂಲ ಕಟ್ಟಳೆ ವಿಚಾರಯೋಗ್ಯವಾಗಿದೆ. ಮನೆಯನ್ನು ಬಿಟ್ಟಿಯಾಗಿ ಕೊಡುವುದಿಲ್ಲ, ಲಾಭಕ್ಕೂ ಮಾರುವುದಿಲ್ಲ. ತಗಲಿದ ವೆಚ್ಚವನ್ನು ಬಡ್ಡಿಯಿಲ್ಲದೆ ಸಣ್ಣ ಕಂತುಗಳಲ್ಲಿ ಮನೆಯವರು ತೀರಿಸಬೇಕು. ಬಂದ ಹಣವು ಮುಂದಿನವರ ಮನೆಗೆ ಹೋಗುತ್ತದೆ. ಅದಲ್ಲದೆ ಮನೆಯವರು ತಮ್ಮ ಮನೆಗೂ ಪರರ ಮನೆಗೂ ಇಷ್ಟು ಗಂಟೆಯೆಂದು ದುಡಿಯಬೇಕು. ಇದನ್ನು ಬೆವರಿನ ಪಾಲು ಎನ್ನಬಹುದು. 1994ರಿಂದ ಆ ದೇಶದ ಸರಕಾರದ ಸೇವಾಯೋಜನೆಯ ತರುಣ ತರುಣಿಯರು ವರ್ಷಕ್ಕೆ 1,700 ಗಂಟೆಗಳ ದುಡಿಮೆಯ ಸಂಕಲ್ಪ ತೊಟ್ಟು, ಹೊಟ್ಟೆಬಟ್ಟೆಗೆ ಸಾಲುವಷ್ಟು ಭತ್ಯವನ್ನು ಮಾತ್ರ ಪಡೆದು, ಇಂಥ ಮನೆಗಳನ್ನು ಕಟ್ಟಲು ಬಂದರು.

ಹೊಟ್ಟೆಬಟ್ಟೆಗೆ ಸಾಲುವಷ್ಟು ಮಾತ್ರ ಎಂಬ ಮಾತು ಕೇಳಿದೊಡನೆ ಶರಣಬಂಧುಗಳಿಗೆ ಆಯ್ದಕ್ಕಿ ದಂಪತಿಗಳ ನೆನಪಾಗದೆ ಇರದು. ಸಾಣಾಪುರಕ್ಕೆ ಬಹುದೂರವಲ್ಲದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಅವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿದಳೆಂಬ ಕಥೆಯನ್ನು ಕೇಳದ ಲಿಂಗಾಯತ ಗೃಹಿಣಿಯಿಲ್ಲ. ಸೇವೆಗೆಂದು ಬಂದವನು ಎಷ್ಟನ್ನು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಲಕ್ಕಮ್ಮನ ಅಳತೆಯು ಇಂದಿಗೂ ಸಾಕು. ಏನನ್ನೂ ತೆಗೆದುಕೊಳ್ಳದೆ ತಂದೆಯ ದುಡ್ಡಿನಲ್ಲಿ ಸೇವೆ ಮಾಡುತ್ತೇನೆನ್ನುವುದರಲ್ಲಿ ಒಂದು ಸೂಕ್ಷ್ಮವಾದ ಅಹಂಕಾರವುಂಟು. ಮೇಲಾಗಿ ಹಾಗೆ ನಡೆದರೆ ಸಿರಿವಂತರ ಮಕ್ಕಳು ಮಾತ್ರ ಸೇವಾವ್ರತಿಗಳಾಗುವರು. ದಿನದ ಪ್ರಸಾದಕ್ಕೂ ಊರಿಗೆ ಹೋಗಿಬರುವ ಖರ್ಚಿಗೂ ಸಾಲುವಷ್ಟನ್ನು ಪಡೆಯುವುದರಲ್ಲಿ ಕುಂದೇನೂ ಇಲ್ಲ.

ಕೂಲಿಯ ವಿಚಾರದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಬಿಟ್ಟಿ ದುಡಿಯುವವರು ಊರಿಗೆ ಬಂದರೆಂದು ಗೌಂಡಿಯ ಕೂಲಿಯನ್ನು ಉಳಿಸಲು ಹೊರಡುವುದು ದಾಸೋಹವಾಗದು, ಒಬ್ಬ ಬಡವನ ಅನ್ನವನ್ನು ತೆಗೆದು ಇನ್ನೊಬ್ಬನಿಗೆ ಬಡಿಸಿದಂತಾಗುವುದು. ಗೌಂಡಿಯೂ ಕಾಯಕಜೀವಿಯೇ. ಆತನಿಗೆ ಪೂರ್ಣ ಕೂಲಿ ಸಲ್ಲಬೇಕು, ಸೇವಾವ್ರತಿಯು ಆತನ ಕೈಕೆಳಗಿನ ಆಳಾಗಿರಬೇಕು. ಪದವೀಧರನಾದವನು ಅಕ್ಷರ ಬಾರದ ಗೌಂಡಿಯನ್ನು ಗುರುಸ್ಥಾನದಲ್ಲಿಟ್ಟು, ಆತನು ಗದರಿಸಿದಾಗ ತಲೆತಗ್ಗಿಸಿ ಸಾಲನ್ನು ಕೆಡವಿ ಮತ್ತೆ ಕಟ್ಟುವುದನ್ನು ಕಲಿತರೆ, ಆ ವರ್ಷದ ಅರ್ಧ ಫಲವು ಬಂದಂತೆಯೇ ಸರಿ.

ಕಟ್ಟುವವನ ಅಹಂಕಾರದ ಮಾತು ಬಂದಾಗ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವನ್ನು ಬಿಡುವಂತಿಲ್ಲ. ಸಿದ್ಧರಾಮರು ಇಂದಿನ ಸೊಲ್ಲಾಪುರದಲ್ಲಿ ಕೆರೆಯನ್ನು ತೋಡಿಸಿ, ಗುಡಿಗಳನ್ನು ಎತ್ತಿಸಿ, ಸಾವಿರಾರು ಜನರಿಂದ ಲೋಕೋಪಕಾರದ ಕೆಲಸವನ್ನು ನಡೆಸುತ್ತಿದ್ದ ಕಾಲದಲ್ಲಿ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಎಲ್ಲಿ ನಿಮ್ಮ ಒಡ್ಡ ರಾಮನೆಂದು ವಿಚಾರಿಸಿದುದನ್ನೂ, ಸಿಟ್ಟಿಗೆದ್ದ ಕೆಲಸಗಾರರು ಕಲ್ಲೆಸೆದುದನ್ನೂ ಶೂನ್ಯಸಂಪಾದನೆಯು ವಿಸ್ತಾರವಾಗಿ ವರ್ಣಿಸುತ್ತದೆ. ಕೆಲವರು ಈ ಪ್ರಸಂಗವನ್ನು ಓದಿ, ಕಟ್ಟುವ ಕೆಲಸವೇ ಕೀಳೆಂದೂ ಧ್ಯಾನವೇ ಮೇಲೆಂದೂ ತಿಳಿಯುವರು. ಆ ತಿಳಿವಳಿಕೆ ಸರಿಯಲ್ಲ. ಪ್ರಭುವಿನ ಆಕ್ಷೇಪವಿದ್ದದ್ದು ಕೆರೆಯ ಮೇಲಲ್ಲ, ಕಟ್ಟಿಸಿದವನು ನಾನೆಂಬ ಭಾವದ ಮೇಲೆ. ಕೆರೆಯು ಉಳಿಯಿತು, ಭಾವವು ಅಳಿಯಿತು, ಸಿದ್ಧರಾಮರು ಕಲ್ಯಾಣಕ್ಕೆ ನಡೆದರು. ಇನ್ನು ಒಡ್ಡನೆಂಬ ಹೆಸರನ್ನು ಬೈಗುಳವೆಂದು ತಿಳಿದವರಿಗೆ ಒಂದು ಮಾತು ಸಾಕು: ಕಲ್ಲುಮಣ್ಣಿನ ಕಾಯಕದ ಭೋವಿ ಸಮಾಜದವರು ಇಂದಿಗೂ ಸಿದ್ಧರಾಮೇಶ್ವರರನ್ನೇ ತಮ್ಮ ಗುರುವೆಂದು ಪೂಜಿಸುತ್ತಾರೆ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇಲ್ಲಿಯೇ ಮನೆಯ ಗೋಡೆಗೆ ಇಳಿದು ಬರುತ್ತದೆ. ದಾನಿಯು ಮನೆಯನ್ನು ತನ್ನ ಮನಸ್ಸಿನಂತೆ ಕಟ್ಟಿ ಬೀಗದ ಕೈ ಕೊಡುತ್ತಾನೆ. ದಾಸೋಹಿಯು ಮೊದಲು ಮನೆಯ ತಾಯಿಯನ್ನು ಕೇಳುತ್ತಾನೆ: ಒಲೆ ಎಲ್ಲಿರಬೇಕವ್ವ, ಆಕಳನ್ನು ಎಲ್ಲಿ ಕಟ್ಟುತ್ತೀ, ಮುದುಕಿ ಎಲ್ಲಿ ಮಲಗುತ್ತಾಳೆ? 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯ ತರುವಾಯ ಆಸರೆ ಎಂಬ ಹೆಸರಿನಲ್ಲಿ ದಾನಿಗಳ ನೆರವಿನಿಂದ ಸಾವಿರಾರು ಮನೆಗಳು ಎದ್ದವು. ಆ ಔದಾರ್ಯವು ಸಣ್ಣದಲ್ಲ. ಆದರೂ ಹಲವು ಊರುಗಳಲ್ಲಿ ಹೊಸ ಮನೆಗಳು ವಾಸವಿಲ್ಲದೆ ಉಳಿದವು. ಹೊಲವು ದೂರ, ದನ ಕಟ್ಟಲು ಹಕ್ಕಿಯಿಲ್ಲ, ಮೇವಿನ ಬಣವೆಗೆ ಹಿತ್ತಲಿಲ್ಲ, ನೀರಿಗೆ ಬವಣೆ. ಒಕ್ಕಲು ಮಕ್ಕಳ ಮನೆಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲವೆಂಬುದನ್ನು ಮೊದಲೇ ಅವರನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು.

ಈಗ ಕಟ್ಟುವ ಸಾಮಗ್ರಿಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಭಾರತದಲ್ಲಿಯೇ ನೆಲಸಿ, 2007ರಲ್ಲಿ ಇಲ್ಲಿಯೇ ದೇಹವಿಟ್ಟ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿಗಳು, ಮನೆಗೆ ಬೇಕಾದುದನ್ನೆಲ್ಲ ಐದು ಮೈಲಿಗಳ ಒಳಗೆ ಹುಡುಕಬೇಕೆಂಬ ಮಹಾತ್ಮಾ ಗಾಂಧಿಯವರ ಮಾತನ್ನು ಜೀವನವಿಡೀ ಪಾಲಿಸಿದರು. ಸಾಣಾಪುರದಲ್ಲಿ ಐದು ಮೈಲಿಗಳ ಒಳಗೆ ಸಿಗುವುದು ಕಲ್ಲು. ಹಿಂದಿನವರು ಕಲ್ಲಿನ ಗೋಡೆ, ಮರದ ತೊಲೆ ಜಂತೆ, ಮೇಲೆ ಮಣ್ಣಿನ ಮಾಳಿಗೆ ಹಾಕಿ ತಂಪಾಗಿ ಬಾಳಿದರು. ಆನೆಗೊಂದಿಯಲ್ಲಿ ಅಂಥ ಹಳೆಯ ಮನೆಗಳನ್ನು ಜೀರ್ಣೋದ್ಧಾರ ಮಾಡುವ ಕೆಲಸವನ್ನು 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಮಾಡಿ ತೋರಿಸಿದೆ. ಆದರೆ ಹಂಪಿಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನದಿಯ ಈ ದಡದ ಸೀಮೆಗೂ ಕಟ್ಟುಪಾಡುಗಳು ಬಂದಿವೆ. ಬಂಡೆಯನ್ನು ಮನಬಂದಂತೆ ಒಡೆಯುವಂತಿಲ್ಲ, ಒಡೆಯಲೂ ಬಾರದು. ಬಿದ್ದ ಹಳೆಯ ಮನೆಗಳ ಕಲ್ಲನ್ನು ಬುನಾದಿಗೆ ಬಳಸಿ, ಗೋಡೆಗೆ ಮಣ್ಣಿನ ಅಚ್ಚುಗಲ್ಲನ್ನು ಬಳಸುವುದು ಉಚಿತವಾದ ಮಾರ್ಗ.

ಈ ಅಚ್ಚುಗಲ್ಲಿನ ವಿದ್ಯೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದ ವಿಜ್ಞಾನಿಗಳು, ಮುಖ್ಯವಾಗಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು, ಹಳ್ಳಿಯ ಕೈಗೆ ಎಟಕುವಂತೆ ಮಾಡಿಕೊಟ್ಟರು. ಮರಳುಬೆರೆತ ಕೆಂಪುಮಣ್ಣನ್ನು ಜರಡಿ ಹಿಡಿದು, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು ಮಾತ್ರ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿದರೆ ಕಲ್ಲು ಸಿದ್ಧ. ಸುಡುವ ಭಟ್ಟಿ ಬೇಡ, ಸೌದೆ ಬೇಡ. ಒತ್ತಿದ ಕಲ್ಲುಗಳನ್ನು ನೆರಳಿನಲ್ಲಿ ಒಟ್ಟಿ, ಭತ್ತದ ಹುಲ್ಲು ಮುಚ್ಚಿ, ಮೂರು ವಾರ ನೀರುಣಿಸಬೇಕು. ಗಂಗಾವತಿ ಸೀಮೆಯಲ್ಲಿ ಭತ್ತದ ಹುಲ್ಲಿಗೆ ಬರವೆಲ್ಲಿ? ಎರೆಮಣ್ಣು ಮಾತ್ರ ಇದಕ್ಕೆ ಒಗ್ಗದು. ಅದು ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮನೆಯ ನೆಲವೇ ಎರೆಯಾಗಿದ್ದರೆ ಬುನಾದಿಯನ್ನು ಆಳಕ್ಕೆ ಇಳಿಸಿ, ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡದೆ ಕಲ್ಲಿಡಬಾರದು. ಇದನ್ನು ಅಲಕ್ಷಿಸಿದ ಗೋಡೆಯು ಎರಡು ವರ್ಷದೊಳಗೆ ಮೂಲೆಯಿಂದ ಮೂಲೆಗೆ ಸೀಳುವುದನ್ನು ಎರೆಸೀಮೆಯವರು ಬಲ್ಲರು.

ವರ್ಷದ ಹಂಚಿಕೆಯನ್ನು ಬೆಳೆಯೇ ನಿರ್ಣಯಿಸುತ್ತದೆ. ಕಾಲುವೆಗೆ ನೀರು ಬಿಟ್ಟು ನಾಟಿ ತೊಡಗಿದರೆ ಆಳೂ ಗದ್ದೆಗೆ, ಮನೆಯ ತಾಯಿಯೂ ಗದ್ದೆಗೆ. ಆ ದಿನಗಳು ಸೇವಾವ್ರತಿಯು ಮಂಜೂರಾತಿಯ ಕಾಗದ, ನಿವೇಶನದ ಹಕ್ಕುಪತ್ರ, ಪಂಚಾಯತಿಯ ಅಪ್ಪಣೆ ಇವುಗಳ ಬೆನ್ನು ಹತ್ತಿ ನಡೆಯುವುದಕ್ಕೂ, ಅಚ್ಚುಗಲ್ಲು ಒತ್ತುವುದಕ್ಕೂ ತಕ್ಕವು. ಕೊಯ್ಲು ಮುಗಿದ ಮೇಲೆ ಬುನಾದಿ. ಗೋಡೆಯೂ ಸೂರೂ ಬರುವುದು ಬೇಸಿಗೆಯಲ್ಲಿ. ತೊಡಕು ಇರುವುದು ಅಲ್ಲಿಯೇ. ಕಟ್ಟಲು ಬಿಡುವು ಸಿಗುವ ಕಾಲದಲ್ಲಿಯೇ ಕಾಲುವೆ ನಿಲ್ಲುತ್ತದೆ, ಬಿಸಿಲು ಏರುತ್ತದೆ, ಹೊಸ ಗೋಡೆಗೆ ಹತ್ತು ಹದಿನೈದು ದಿನ ಎರಡು ಹೊತ್ತು ನೀರು ಬೇಕಾಗುತ್ತದೆ. ಬೆಳಗಿನ ಜಾವ ಎದ್ದು ಕೊಡದಲ್ಲಿ ನೀರು ತಂದು ಗೋಡೆಗೆ ಉಣಿಸುವ ಈ ಕೆಲಸದಲ್ಲಿ ಯಾವ ವೈಭವವೂ ಇಲ್ಲ, ಅದರ ಭಾವಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಬಡವರ ಮನೆಗಳು ಬಹುಮಟ್ಟಿಗೆ ಕೆಡುವುದು ಇದೊಂದನ್ನು ಬಿಟ್ಟುದರಿಂದಲೇ. ಉಣಿಸದ ಗಾರೆಯು ಬೆರಳಿನಿಂದ ಕೆದಕಿದರೆ ಉದುರುತ್ತದೆ.

ಸೇವಾವ್ರತಿಯ ವರ್ಷವು ಮುಂಗಾರಿನ ಮೊದಲೇ ಮುಗಿಯುವಂತೆ ಲೆಕ್ಕ ಹಾಕುವುದು ತರವಲ್ಲ. ಗೃಹಪ್ರವೇಶದ ದಿನ ಜಂಗಮರ ಪಾದೋದಕ ಪ್ರಸಾದಗಳಾಗಿ, ನೆಂಟರು ಉಂಡು ಹೋದ ಮೇಲೆ, ಮೊದಲ ದೊಡ್ಡ ಮಳೆ ಬರುವವರೆಗೆ ಆತನು ಊರಿನಲ್ಲಿರಬೇಕು. ಮಳೆ ನಿಂತ ಬೆಳಿಗ್ಗೆ ಪ್ರತಿಯೊಂದು ಮನೆಗೂ ಹೋಗಿ, ಮಾಳಿಗೆಯ ಓರೆ ಸರಿಯಾಗಿದೆಯೇ, ದೋಣಿಯಲ್ಲಿ ನೀರು ಹರಿದಿದೆಯೇ, ಗೋಡೆಯ ಬುಡಕ್ಕೆ ಕೆಸರು ಸಿಡಿದಿದೆಯೇ, ಮುದುಕಿಯ ಹಾಸಿಗೆಯ ಮೂಲೆಯಲ್ಲಿ ತೇವವಿದೆಯೇ ಎಂದು ಕೈಯಿಟ್ಟು ನೋಡಬೇಕು. ತೇವ ಕಂಡಲ್ಲಿ ಸುಣ್ಣದ ಗುರುತು ಮಾಡಿ, ಗೌಂಡಿಯನ್ನು ಕರೆತಂದು, ಬಿಸಿಲು ಬಿದ್ದೊಡನೆ ಅದನ್ನು ಸರಿಪಡಿಸಿದ ಮೇಲೆಯೇ ತನ್ನ ಗಂಟನ್ನು ಕಟ್ಟತಕ್ಕದ್ದು.